ಪೋಲಿಷ್ ಸಿನಿಮಾ: ಮೊದಲು ಯಾವುದು ನೋಡೋದು?

ಪೋಲೆಂಡಿನ ಹಳೆಯ ಸಿನಿಮಾ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಆಂದ್ಜೆ ವಾಯ್ದಾ ಅವರ ‘ಆಶಸ್ ಆಂಡ್ ಡೈಮಂಡ್ಸ್’ (1958). ನಾನೂ ಅಕ್ಕನಿಗೆ ಅದನ್ನೇ ಮೊದಲು ತೋರಿಸಿದೆ. ಅರ್ಧ ಗಂಟೆಗೆ ಅವಳು ಕೇಳಿದಳು, “ಯುದ್ಧ ಮುಗೀತಲ್ವಾ, ಇನ್ನೂ ಯಾಕೆ ಕೊಲ್ತಿದ್ದಾರೆ?”

ಸರಿಯಾದ ಪ್ರಶ್ನೆ. ಕತೆ ನಡೆಯುವುದು 1945ರ ಮೇ 8ರಂದು, ಜರ್ಮನಿ ಶರಣಾದ ದಿನ. ಜರ್ಮನರು ಹೋದರು, ಆದರೆ ಸೋವಿಯತ್ ಬೆಂಬಲದಿಂದ ಕಮ್ಯುನಿಸ್ಟರು ಅಧಿಕಾರ ಹಿಡಿಯುತ್ತಿದ್ದಾರೆ. ಜರ್ಮನರ ವಿರುದ್ಧ ಹೋರಾಡಿದ ಮಾಚೆಕ್‌ಗೆ ಈಗ ಒಬ್ಬ ಕಮ್ಯುನಿಸ್ಟ್ ಮುಖಂಡನನ್ನು ಕೊಲ್ಲುವ ಆದೇಶ. ಬಾರಿನಲ್ಲಿ ಅವನು ವೋಡ್ಕಾ ಲೋಟಗಳಿಗೆ ಒಂದೊಂದಾಗಿ ಬೆಂಕಿ ಹಚ್ಚುತ್ತಾನೆ. 1944ರಲ್ಲಿ ವಾರ್ಸಾ ನಗರ ಜರ್ಮನರ ವಿರುದ್ಧ ಎದ್ದ ದಂಗೆ ಗೊತ್ತಿಲ್ಲದಿದ್ದರೆ ಅದು ಸುಮ್ನೆ ಚೆಂದದ ದೃಶ್ಯ. ಗೊತ್ತಿದ್ದರೆ ಒಂದೊಂದು ಲೋಟವೂ ಸತ್ತ ಗೆಳೆಯ.

ರೋಮನ್ ಪೊಲಾನ್ಸ್ಕಿಯ ‘ನೈಫ್ ಇನ್ ದ ವಾಟರ್’ಗೆ (1962) ಹಿನ್ನೆಲೆ ಏನೂ ಬೇಡ. ಗಂಡ, ಹೆಂಡತಿ, ದಾರಿಯಲ್ಲಿ ಹತ್ತಿಸಿಕೊಂಡ ಹುಡುಗ, ಒಂದು ಹಾಯಿದೋಣಿ. ಬಿಗಿ ಎಲ್ಲೂ ಸಡಿಲವಾಗಲ್ಲ. ಆದರೆ ಮೂವರಲ್ಲಿ ಯಾರ ಮೇಲೂ ನಮಗೆ ಪ್ರೀತಿ ಹುಟ್ಟಲಿಲ್ಲ.

ಮೂರನೆಯದು ಕೀಸ್ಲೋವ್ಸ್ಕಿಯ ‘ಕ್ಯಾಮೆರಾ ಬಫ್’ (1979). ಕಾರ್ಖಾನೆಯ ನೌಕರ ಫಿಲಿಪ್, ಹುಟ್ಟಿದ ಮಗಳನ್ನು ಚಿತ್ರೀಕರಿಸಲು 8 ಎಂ.ಎಂ. ಕ್ಯಾಮೆರಾ ಕೊಳ್ಳುತ್ತಾನೆ. ಕಾರ್ಖಾನೆಯ ವಾರ್ಷಿಕೋತ್ಸವವನ್ನೂ ತೆಗೆಯಲು ಹೇಳುತ್ತಾರೆ. ಅಲ್ಲಿಂದ ಅವನಿಗೆ ಸಿನಿಮಾ ತೆಗೆಯುವ ಹುಚ್ಚು ಹಿಡಿಯುತ್ತದೆ. ಒಮ್ಮೆ ಗೆಳೆಯನ ತಾಯಿ ಕಿಟಕಿಯಲ್ಲಿ ಕೈ ಬೀಸುವುದನ್ನು ತೆಗೆದಿರುತ್ತಾನೆ. ಆಕೆ ತೀರಿಕೊಂಡ ಮೇಲೆ ಮಗ ಕೂತು ಆ ತುಣುಕು ನೋಡುತ್ತಾನೆ. ಅಕ್ಕ ಕಣ್ಣು ಒರೆಸಿಕೊಂಡದ್ದು ಅಲ್ಲೇ. ಮುಂದೆ ಹೆಂಡತಿ ಮನೆ ಬಿಟ್ಟು ಹೊರಟಾಗ ಫಿಲಿಪ್ ಬೆರಳುಗಳಲ್ಲೇ ಚೌಕಟ್ಟು ಮಾಡಿ ಅವಳನ್ನು ನೋಡುತ್ತಾನೆ. “ಅಯ್ಯೋ, ಕೈ ಇಳಿಸೋ!” ಅಂತ ಅಕ್ಕ ಟಿವಿಗೇ ಹೇಳಿದಳು. ಪೋಲೆಂಡಿನ ರಾಜಕೀಯ ಇದರಲ್ಲೂ ಇದೆ. ಯಾವುದನ್ನು ತೋರಿಸಬೇಕು, ಯಾವುದನ್ನು ಕತ್ತರಿಸಬೇಕು ಅಂತ ಕಾರ್ಖಾನೆಯ ಮುಖ್ಯಸ್ಥ ಹೇಳುತ್ತಾನೆ. ಅದು ಯಾರಿಗೂ ವಿವರಿಸದೆ ಅರ್ಥವಾಗುತ್ತದೆ.

ಕಲೆಯ ಮಾತು ಬಂದರೆ ನನಗೆ ವಾಯ್ದಾ ಚಿತ್ರವೇ ದೊಡ್ಡದು. ಮುಖಂಡನಿಗೆ ಗುಂಡು ತಗಲುತ್ತದೆ, ಅವನು ಮಾಚೆಕ್ ತೋಳಿಗೇ ಬೀಳುತ್ತಾನೆ, ಮೇಲೆ ವಿಜಯದ ಬಾಣಬಿರುಸು ಸಿಡಿಯುತ್ತದೆ. ಇಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೂ ಹೊಸಬರಿಗೆ ಮೊದಲು ‘ಕ್ಯಾಮೆರಾ ಬಫ್’ ಕೊಡಿ. ‘ಆಶಸ್’ ಹಾಕುವ ಮುಂಚೆ ವಾರ್ಸಾ ದಂಗೆಯ ಬಗ್ಗೆ ಹತ್ತು ನಿಮಿಷ ಹೇಳಿ: 63 ದಿನ ನಡೆಯಿತು, ಸೋತಿತು, ಹೋರಾಟಗಾರರು ನೆಲದಡಿಯ ಕತ್ತಲ ಚರಂಡಿಯೊಳಗೆ ಓಡಾಡಿದರು, ಮಾಚೆಕ್ ಕಣ್ಣು ಹಾಳಾದದ್ದು ಅಲ್ಲೇ. ಮಾಚೆಕ್ ಯಾಕೆ ಸದಾ ಕಪ್ಪು ಕನ್ನಡಕ ಹಾಕುತ್ತಾನೆ ಅಂತ ಆಗ ಯಾರೂ ಕೇಳುವುದಿಲ್ಲ.