ಅಮ್ಮ ಕಲಿಸಿದಂತೆ ಒಂದು ಬೆಣ್ಣೆ ದೋಸೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಹೋದರೆ ಮೊದಲು ಹೆಂಚು ನೋಡು, ಆಮೇಲೆ ಕೂರು ಅನ್ನುತ್ತಿದ್ದಳು ಅಮ್ಮ. ಅವಳು ಹೋಗಿ ಎರಡು ವರ್ಷ. ಮೊನ್ನೆ ನಮ್ಮ ಓಣಿಯ ಹೊಸ ಹೋಟೆಲ್‌ನಲ್ಲಿ ಹಾಗೇ ನಿಂತು ನೋಡಿದೆ. ಕಟ್ಟಿಗೆ ಒಲೆ, ಅಂಚು ಕೆಂಪಗಾದ ದೋಸೆ, ಮೇಲೆ ಕರಗುತ್ತಿದ್ದ ಬಿಳಿ ಬೆಣ್ಣೆ. ಬೆರಳಿಗೆ ಅಂಟಿದ ಬೆಣ್ಣೆ ಮೂಸಿದೆ. ಕಮಟು ಇಲ್ಲ. ಇದೂ ಅವಳ ಪಾಠವೇ. ಆಲೂಗಡ್ಡೆ ಪಲ್ಯ ಸಪ್ಪೆ, ಅದು ಹಾಗೇ ಇರಬೇಕು, ಖಾರಕ್ಕೆ ಚಟ್ನಿ ಇದೆಯಲ್ವಾ? ಆದರೆ ಎರಡನೇ ಸಲ ಹಾಕಿದ ಚಟ್ನಿಗೆ ನೀರು ಜಾಸ್ತಿ. ಸುಮ್ನೆ ತಿಂದು, ಹೊರಗೆ ಬಂದು ಬೈಯುವ ಪೈಕಿ ನಾನು. ಅಮ್ಮ ಮಾತ್ರ ಹೋಟೆಲ್‌ನವರಿಗೇ ಮೆಲ್ಲಗೆ ಹೇಳುತ್ತಿದ್ದಳು. ನಾನೂ ಹೇಳಿದೆ. ಹುಡುಗ ನಕ್ಕು ಗಟ್ಟಿ ಚಟ್ನಿ ತಂದ. ಪಾರ್ಸಲ್ ಬೇಡ, ಮನೆ ಮುಟ್ಟುವಷ್ಟರಲ್ಲಿ ದೋಸೆ ಮೆತ್ತಗಾಗುತ್ತದೆ.