ಬ್ರೇಕ್ ಪ್ರೆಶರ್ ಸೆನ್ಸರ್ ಹಾಕಿಸುತ್ತಿದ್ದೀರಾ? ಮೊದಲು ಥ್ರೆಡ್ ಯಾವುದು ಅಂತ ಕೇಳಿ

ಪುಣೆಯಲ್ಲಿ ರೇಸ್ ಟ್ರ್ಯಾಕ್‌ಗೆ ಅಂತ ಗಾಡಿ ರೆಡಿ ಮಾಡಿಸುತ್ತಿರುವ ನಮ್ಮ ಕನ್ನಡದ ಗೆಳೆಯರೆಲ್ಲ ದಯವಿಟ್ಟು ಇದನ್ನು ಓದಿ. ಡೇಟಾ ಲಾಗರ್‌ಗೆ (ಗಾಡಿ ಓಡುವಾಗ ಸೆನ್ಸರ್‌ಗಳ ಅಂಕಿಗಳನ್ನು ದಾಖಲಿಸುವ ಪೆಟ್ಟಿಗೆ) ಬ್ರೇಕ್ ಪ್ರೆಶರ್ ಸೆನ್ಸರ್ ಸೇರಿಸುವ ಯೋಚನೆ ಇದ್ದರೆ, ಗ್ಯಾರೇಜಿಗೆ ಕೀ ಕೊಡುವ ಮುಂಚೆಯೇ ಓದಿ.

ಸೆನ್ಸರ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಾಡಿ ನಿಧಾನವಾಯಿತು ಅನ್ನುವುದಷ್ಟೇ ಸ್ಪೀಡ್ ಗ್ರಾಫ್‌ನಲ್ಲಿ ಕಾಣುತ್ತದೆ. ಪೆಡಲ್ ಮೇಲೆ ಕಾಲು ಎಷ್ಟು ಜೋರಾಗಿ ಬಿತ್ತು, ತಿರುವಿನೊಳಗೆ ಹೋಗುತ್ತಾ ಹೇಗೆ ಸಡಿಲವಾಯಿತು ಅನ್ನುವುದೆಲ್ಲ ಗೊತ್ತಾಗುವುದು ಪ್ರೆಶರ್ ಗೆರೆಯಲ್ಲೇ. ಆದರೆ ಉಳಿದ ಸೆನ್ಸರ್‌ಗಳ ಹಾಗೆ ಎಲ್ಲೋ ಅಂಟಿಸಿ ವಯರ್ ಎಳೆಯುವ ಕೆಲಸ ಇದಲ್ಲ. ಬ್ರೇಕ್ ಲೈನನ್ನೇ (ಬ್ರೇಕ್ ಫ್ಲೂಯಿಡ್ ಹರಿಯುವ ಪೈಪ್) ಬಿಚ್ಚಿ ನಡುವೆ ಮೂರು ಬಾಯಿಯ ಟೀ ಜಾಯಿಂಟ್ ಕೂರಿಸಿ, ಅದರ ಒಂದು ಬಾಯಿಗೆ ಸೆನ್ಸರನ್ನು ಸ್ಕ್ರೂ ಹಾಗೆ ತಿರುಗಿಸಿ ಬಿಗಿಯಬೇಕು. ಜೀವ ಉಳಿಸುವ ಪೈಪಿಗೆ ಕೈ ಹಾಕಿದ ಹಾಗೆ.

ನಮ್ಮದು ಹಳೆಯ ಮಾರುತಿ ಎಸ್ಟೀಮ್. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಯ್ಯಬೇಕು ಅಂತಿದ್ದೆವು. ರೇಸ್ ಗಾಡಿ ಕೆಲಸ ಮಾಡುತ್ತೇವೆ ಅಂತ ಹೇಳಿಕೊಳ್ಳುವ ಒಂದು ಗ್ಯಾರೇಜಿನವರು ಸೆನ್ಸರ್ ಕೂರಿಸಿ, ಬ್ಲೀಡಿಂಗ್ ಮಾಡಿ (ಲೈನಿನೊಳಗಿನ ಗಾಳಿ ತೆಗೆದು), ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಕೂಡ ತೋರಿಸಿ ಕಳಿಸಿದರು. ಪೆಡಲ್ ಒತ್ತಿದರೆ ಅಂಕಿ ಏರುತ್ತಿತ್ತು, ಬಿಟ್ಟರೆ ಸೊನ್ನೆಗೆ ಬರುತ್ತಿತ್ತು.

ಟ್ರೇಲರ್‌ಗೆ ಹತ್ತಿಸುವಾಗ ನನ್ನ ತಮ್ಮ ಸೀಟಿನಲ್ಲಿದ್ದ. ಗಾಡಿ ಅರ್ಧ ಇಳಿಜಾರಿನಲ್ಲಿತ್ತು. "ಅಣ್ಣಾ, ಪೆಡಲ್ ಒಳಗೆ ಹೋಗ್ತಾ ಇದೆ" ಅಂದ. ಅಷ್ಟರಲ್ಲೇ ಗಾಡಿ ಹಿಂದಕ್ಕೆ ಉರುಳಿತು. ಬ್ರೇಕಿನಲ್ಲಿ ಬೇರೆ ಬೇರೆಯಾಗಿ ಎರಡು ಲೈನ್ ಇರುತ್ತವೆ, ಎರಡನೆಯದು ಹಿಡಿದುಕೊಂಡಿದ್ದರಿಂದ ನಿಂತಿತು. ಹಿಂದೆ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಇದೇ ಕೊಯಮತ್ತೂರಿನಲ್ಲಿ ಸ್ಟ್ರೇಟ್ ಮುಗಿಯುವ ಹೊತ್ತಿಗೆ ಆಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಪುಣೆಯ ಭೋಸರಿಯಲ್ಲಿ ಕೆಲಸ ಮಾಡುವ ಬೆಳಗಾವಿ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಬಾನೆಟ್ ಎತ್ತಿದರೆ ಟೀ ಕೆಳಗಿನ ಪೇಂಟ್ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಬ್ರೇಕ್ ಫ್ಲೂಯಿಡ್ ಪೇಂಟನ್ನು ತಿನ್ನುತ್ತದೆ, ಅದೇ ಮೊದಲ ಗುರುತು. ಸೆನ್ಸರ್ ಬಿಚ್ಚಿದಾಗ ಟೆಫ್ಲಾನ್ ಟೇಪಿನ ಬಿಳಿ ಚೂರುಗಳು ಟೀ ಬಾಯಲ್ಲೇ ಕೂತಿದ್ದವು. ಥ್ರೆಡ್‌ನ ತುದಿಗಳು ಮಾತ್ರ ಸವೆದು ಮಿಂಚುತ್ತಿದ್ದವು, ಬುಡಕ್ಕೆ ಏನೂ ತಾಗೇ ಇರಲಿಲ್ಲ. "ಇದು ಹಿಡದಽ ಇಲ್ಲರೀ. ಸುಮ್ನ ಒಳಗ ಕೂತೈತಿ ಅಷ್ಟ" ಅಂದರು ಅವರು.

ಆಗಿದ್ದು ಇಷ್ಟು. ಜಪಾನ್, ಯುರೋಪ್ ಮೂಲದ ಕಾರುಗಳ ಬ್ರೇಕ್ ಲೈನಿನಲ್ಲಿ ಸಾಮಾನ್ಯವಾಗಿ ಇರುವುದು 10 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್‌ನ (ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ) ಥ್ರೆಡ್. ನಮ್ಮ ಟೀ ಕೂಡ ಅದೇ. ಅವರು ಹಾಕಿದ ಸೆನ್ಸರ್ 3/8 ಇಂಚಿನದು, ಇಂಚಿಗೆ 24 ಥ್ರೆಡ್. ಅಂದರೆ ದಪ್ಪ ಸುಮಾರು 9.5 ಮಿ.ಮೀ., ಪಿಚ್ 1.06 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣಲ್ಲ, ಕೈಗೂ ಗೊತ್ತಾಗಲ್ಲ. ಸಲೀಸಾಗಿ ಒಳಗೆ ಹೋಗುತ್ತದೆ, ಕೊನೆಗೆ ಸ್ವಲ್ಪ ಬಿಗಿಯೂ ಆಗುತ್ತದೆ. ಆದರೆ ಜೋರಾಗಿ ಬ್ರೇಕ್ ಒತ್ತಿ 100 ಬಾರ್ ಒತ್ತಡ ಬಂದರೆ, 10 ಮಿ.ಮೀ. ತೂತಿನಲ್ಲಿ ಕೂತ ಸೆನ್ಸರನ್ನು ಸುಮಾರು 80 ಕಿಲೋ ಭಾರ ಹೊರಕ್ಕೆ ತಳ್ಳುತ್ತಿರುತ್ತದೆ. ಅರ್ಧ ಮಾತ್ರ ಕಚ್ಚಿಕೊಂಡ ಥ್ರೆಡ್ ಎಷ್ಟು ಸಲ ತಡೆದೀತು?

ಗ್ಯಾರೇಜಿನವರನ್ನು ಕೇಳಿದರೆ ಟೇಪ್ ಸುತ್ತಿದ್ದೀವಲ್ಲ ಅಂದರು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ಬ್ರೇಕ್ ಲೈನಿಗೆ ಟೆಫ್ಲಾನ್ ಟೇಪ್ ಹಾಕಲೇಬಾರದು. ಅದರ ಎಳೆ ಕಿತ್ತು ಮಾಸ್ಟರ್ ಸಿಲಿಂಡರ್‌ಗೋ ಎಬಿಎಸ್ ವಾಲ್ವ್‌ಗೋ ಹೋದರೆ ಇನ್ನೊಂದು ಅನಾಹುತ. ಇಲ್ಲಿ ಸೋರದಂತೆ ತಡೆಯಬೇಕಾದದ್ದು ಫ್ಲೇರ್ ಸೀಟ್ (ಪೈಪಿನ ಅಗಲಿಸಿದ ತುದಿ ಒತ್ತಿ ಕೂರುವ ಜಾಗ) ಅಥವಾ ತಾಮ್ರದ ವಾಷರ್.

ಮತ್ತೆ ಆ ಗ್ರಾಫ್ ನೋಡಿ ಮೋಸ ಹೋಗಬೇಡಿ. ಫ್ಲೂಯಿಡ್ ನಿಧಾನವಾಗಿ ಸೋರುತ್ತಿದ್ದರೂ ಕಾಲು ಒತ್ತುತ್ತಲೇ ಇದ್ದರೆ ಒತ್ತಡ ಹಾಗೇ ಇರುತ್ತದೆ. ಪೆಡಲ್ ಕೆಳಗೆ ಇಳಿಯುತ್ತಿರುತ್ತದೆ, ಗೆರೆ ಮಾತ್ರ ನೆಟ್ಟಗೆ ನಿಂತಿರುತ್ತದೆ.

ಸೆನ್ಸರ್ ಕೊಳ್ಳುವಾಗ ಒಳಗಿನ ಸೀಲ್ ಯಾವುದು ಅಂತಲೂ ಕೇಳಿ. ಹೈಡ್ರಾಲಿಕ್ ಆಯಿಲ್‌ಗೆ ಮಾಡಿದ ನೈಟ್ರೈಲ್ ರಬ್ಬರ್ ಡಾಟ್ 4 ಬ್ರೇಕ್ ಫ್ಲೂಯಿಡ್‌ನಲ್ಲಿ ಹಾಳಾಗುತ್ತದೆ, ಇಪಿಡಿಎಂ ಅನ್ನುವ ರಬ್ಬರ್ ಇರಬೇಕು. ಸೆನ್ಸರ್ ತಲೆ ಮೇಲಾಗಿ ನಿಂತರೆ ಗಾಳಿ ಅಲ್ಲೇ ಸಿಕ್ಕಿಕೊಂಡು ಪೆಡಲ್ ಮೆತ್ತಗಾಗುತ್ತದೆ. ಪೈಪಿಗೆ ಸುಮ್ನೆ ನೇತುಹಾಕಿದರೆ ಅದುರಿ ಅದುರಿ ಪೈಪೇ ಸೀಳುತ್ತದೆ, ಬ್ರಾಕೆಟ್ ಹಾಕಿಸಿ. ಬೆಳಗಾವಿಯ ಅಣ್ಣ ನಮ್ಮ ಗಾಡಿಗೆ 10 ಮಿ.ಮೀ. ಥ್ರೆಡ್‌ನ ಸೆನ್ಸರ್ ತರಿಸಿ, ಹೊಸ ಟೀ ಹಾಕಿ, ಇದನ್ನೆಲ್ಲ ನೋಡಿಯೇ ಕೂರಿಸಿದರು.

ಈಗಾಗಲೇ ಎಲ್ಲಾದರೂ ಸೆನ್ಸರ್ ಹಾಕಿಸಿಕೊಂಡಿದ್ದರೆ ಇವತ್ತೇ ನೋಡಿಬಿಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ಸ್ಟಾರ್ಟ್ ಮಾಡಿ ಪೆಡಲನ್ನು ಜೋರಾಗಿ ಒತ್ತಿ ಒಂದೆರಡು ನಿಮಿಷ ಹಿಡಿಯಿರಿ. ಜೊತೆಗಿದ್ದವರು ಟೀ ಸುತ್ತ ಟಿಶ್ಯೂ ಪೇಪರ್ ಒತ್ತಿ ನೋಡಲಿ. ಪೇಪರ್ ಒದ್ದೆಯಾದರೂ, ಪೆಡಲ್ ಚೂರೇ ಚೂರು ಇಳಿದರೂ ಗಾಡಿ ಅಲ್ಲಿಂದ ಕದಲಿಸಬೇಡಿ. ಮೇಸ್ತ್ರಿಯನ್ನೇ ಅಲ್ಲಿಗೆ ಕರೆಸಿ, ಸೆನ್ಸರ್ ಬಿಚ್ಚಿಸಿ, ಥ್ರೆಡ್ ಗೇಜ್ ಇಟ್ಟು ನೋಡಿ.