ತಂದು ಹಾಕಿ ತಮಾಷೆ ನೋಡಲು ಸಿವಿಲೈಸೇಶನ್ 5

ನಮ್ಮದೊಂದು ದೇಶ ಕಟ್ಟಿ, ಕಂಪ್ಯೂಟರ್ ಆಡಿಸುವ ಬೇರೆ ರಾಜರ ಎದುರು ಸರದಿಯಂತೆ (ಟರ್ನ್) ಆಡುವ ಕಂಪ್ಯೂಟರ್ ಗೇಮ್ ಸಿವಿಲೈಸೇಶನ್. ಅದರ ಐದನೆಯದು ಬಂದಿದ್ದು 2010ರಲ್ಲಿ. 2016ರಲ್ಲಿ ಆರನೆಯದು ಬಂತು, 2025ರಲ್ಲಿ ಏಳನೆಯದೂ ಬಂತು. ನಾನು ಮಾತ್ರ ಐದರಲ್ಲೇ ಕೂತಿದ್ದೇನೆ. ಗ್ರಾಫಿಕ್ಸ್ ಹೇಗಿದೆ, ಎಷ್ಟು ದೇಶಗಳಿವೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇರುತ್ತದೆ. ನಾನು ಇದನ್ನು ಬಿಡದೇ ಇರುವುದಕ್ಕೆ ಕಾರಣ ಒಂದೇ. ಇಲ್ಲಿ ಲಂಚ ಕೊಟ್ಟು ಇಬ್ಬರು ಕಂಪ್ಯೂಟರ್ ರಾಜರ ನಡುವೆ ಯುದ್ಧ ಹಚ್ಚಬಹುದು. ನಮ್ಮ ಕಡೆಯಿಂದ ಒಂದು ಬಾಣವೂ ಹೋಗಬೇಕಿಲ್ಲ.

ಆರರಲ್ಲಿ ಈ ಸುಖ ಇಲ್ಲ. ಅಲ್ಲಿ ‘ಜಂಟಿ ಯುದ್ಧ’ ಇದೆ ನಿಜ, ಆದರೆ ಅದಕ್ಕೆ ನಾವೂ ಜೊತೆಗೆ ಇಳಿಯಬೇಕು. ನಾನೇ ಇಳಿಯುವ ಹಾಗಿದ್ದರೆ ಇನ್ನೊಬ್ಬನ ಕಿವಿ ಊದುವುದು ಯಾಕೆ, ಅಲ್ವಾ?

ರಾತ್ರಿ ಊಟ ಮುಗಿದು, ಮನೆಯವರೆಲ್ಲ ಮಲಗಿದ ಮೇಲೆ ನನ್ನ ಆಟ ಶುರು. ಹಳೇ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದರೂ ಓಡುತ್ತದೆ, ಫ್ಯಾನ್ ಮಾತ್ರ ಕೂಗಾಡುತ್ತದೆ. ಪ್ರತಿ ಐದಾರು ಟರ್ನ್‌ಗೆ ಒಮ್ಮೆ ನಾನು ರಾಜರ ಪಟ್ಟಿ ತೆಗೆಯುತ್ತೇನೆ. ಯಾರ ಹತ್ತಿರ ಎಷ್ಟು ಚಿನ್ನ ಇದೆ, ಯಾರು ಯಾರನ್ನು ಬೈದಿದ್ದಾರೆ, ಯಾರು ಯಾರ ಜೊತೆ ಸ್ನೇಹ ಘೋಷಿಸಿದ್ದಾರೆ ಅಂತ ನಿಧಾನವಾಗಿ ಓದುತ್ತೇನೆ. ಆಮೇಲೆ ಒಬ್ಬೊಬ್ಬರ ಮನೆಗೂ ಭೇಟಿ. ನನ್ನಲ್ಲಿ ಹೆಚ್ಚಾದ ರೇಷ್ಮೆಯನ್ನೋ ಸಕ್ಕರೆಯನ್ನೋ ಮಾರಿ, ಕುಶಲ ಕೇಳಿ, ಕೊನೆಗೆ ‘ಇತರ ಆಟಗಾರರು’ ಅನ್ನುವ ಸಾಲನ್ನು ಒತ್ತುತ್ತೇನೆ. ಅದರೊಳಗೆ ‘ಯುದ್ಧ ಘೋಷಿಸು’. ಅಲ್ಲಿ ಒಂದು ಹೆಸರು ಬೂದು ಬಣ್ಣಕ್ಕೆ ತಿರುಗದೆ ಬೆಳ್ಳಗೆ ಕಂಡರೆ ಸಾಕು, ನನ್ನೊಳಗಿನ ನಾರದ ಎದ್ದು ಕೂರುತ್ತಾನೆ.

ಬೆಲೆ ಎಷ್ಟು ಅಂತ ನಾವು ಲೆಕ್ಕ ಹಾಕಬೇಕಿಲ್ಲ. ಏನು ಕೊಟ್ಟರೆ ಒಪ್ಪುತ್ತೀರಿ ಅಂತ ಕೇಳುವ ಬಟನ್ ಇದೆ. ರಾಜನೇ ತನ್ನ ರೇಟು ಹೇಳುತ್ತಾನೆ. ಎದುರಾಳಿಯ ಮೇಲೆ ಮೊದಲೇ ಉರಿ ಇದ್ದವನು ಅಗ್ಗ. ಕೆಲವೊಮ್ಮೆ ಬರೀ ಒಂದು ಮಸಾಲೆಗೆ ಸೈನ್ಯ ಹೊರಡಿಸುವವರಿದ್ದಾರೆ! ಒಂದು ವಿಷಯ ನೆನಪಿಡಿ. ‘ಬ್ರೇವ್ ನ್ಯೂ ವರ್ಲ್ಡ್’ ಅನ್ನುವ ಹೆಚ್ಚುವರಿ ಭಾಗ ಹಾಕಿಕೊಂಡಿದ್ದರೆ, ಸ್ನೇಹ ಘೋಷಿಸದ ರಾಜನಿಗೆ ಇಡಿಗಂಟು ಕೊಡಲು ಬರುವುದಿಲ್ಲ. ಟರ್ನ್‌ಗೆ ಇಷ್ಟು ಅಂತ ಕಂತಿನಲ್ಲೇ ಕೊಡಬೇಕು. ಮಾಮೂಲಿ ವೇಗದಲ್ಲಿ 30 ಟರ್ನ್ ಕಂತು.

ಒಂದು ಆಟ ಹೇಳುತ್ತೇನೆ. ನನ್ನ ಪಕ್ಕದಲ್ಲಿ ಜುಲುಗಳ ಶಾಕಾ, ಅವನ ಆಚೆ ಸಿಯಾಮಿನ ರಾಮ್‌ಖಾಮ್‌ಹೆಂಗ್. ನನ್ನ ಹತ್ತಿರ ಇದ್ದದ್ದು ಮೂರು ಬಿಲ್ಲುಗಾರರು, ಒಂದು ಅರ್ಧ ಕಟ್ಟಿದ ಅದ್ಭುತ (ಪಿರಮಿಡ್ಡಿನಂಥ ದೊಡ್ಡ ಕಟ್ಟಡ). ನೋಡನೋಡುತ್ತಾ ಗಡಿಯಲ್ಲಿ ಶಾಕಾನ ಇಂಪಿಗಳು ಸಾಲುಗಟ್ಟಿ ನಿಂತವು. ಇಂಪಿ ಅಂದರೆ ಕೈಕೈ ಮಿಲಾಯಿಸುವ ಮೊದಲೇ ಒಂದು ಭರ್ಜಿ ಎಸೆದು ಬರುವ ಜಾತಿ, ಒಂದು ಬಂದರೇ ಕಷ್ಟ. ಈ ಗೇಮಿನಲ್ಲಿ ಒಂದು ಚೌಕಕ್ಕೆ, ಅಲ್ಲ, ಷಟ್ಕೋನಕ್ಕೆ ಒಂದೇ ತುಕಡಿ. ಹಾಗಾಗಿ ಸೈನ್ಯ ಸೇರುವುದು ಕಣ್ಣಿಗೆ ಹೊಡೆಯುತ್ತದೆ. ಶಾಕಾನನ್ನು ಕರೆದು, ಮಸಾಲೆಯ ಜೊತೆ ಟರ್ನ್‌ಗೆ ಒಂದಿಷ್ಟು ಚಿನ್ನ ಸೇರಿಸಿ, ಸಿಯಾಮಿನ ಮೇಲೆ ಹೋಗು ಅಂದೆ. ಒಪ್ಪಿದ. ಮುಂದಿನ ಟರ್ನ್‌ನಲ್ಲಿ ಆ ಇಂಪಿಗಳು ಒಂದೊಂದಾಗಿ ಬೆನ್ನು ತಿರುಗಿಸಿ, ನನ್ನದೇ ಹೊಲದ ಅಂಚಿನಲ್ಲಿ ಹಾದು ಆಚೆ ಹೋದವು. ಅದ್ಭುತ ಪೂರ್ತಿಯಾಯಿತು. ಇಂಥ ಖುಷಿ ನನಗೆ ಒಂದು ನಗರ ಗೆದ್ದಾಗಲೂ ಸಿಕ್ಕಿಲ್ಲ.

ಲಾಭ ಇಷ್ಟೇ ಅಲ್ಲ. ಯುದ್ಧ ಸಾರಿದ ಕೆಟ್ಟ ಹೆಸರು ಶಾಕಾನಿಗೆ, ನನಗಲ್ಲ. ಉಳಿದ ರಾಜರು ಅವನನ್ನೇ ಯುದ್ಧಕೋರ ಅಂತ ಬೈಯುತ್ತಾರೆ. ಅವರಿಬ್ಬರ ನಡುವಿನ ವ್ಯಾಪಾರದ ದಾರಿ ಕಡಿದು ಹೋಗುತ್ತದೆ. ಇಬ್ಬರೂ ಗ್ರಂಥಾಲಯ ಬಿಟ್ಟು ಸೈನಿಕರನ್ನು ಕಟ್ಟುತ್ತಾ ಕೂರುತ್ತಾರೆ. ಅಷ್ಟರಲ್ಲಿ ನಾನು ವಿಶ್ವವಿದ್ಯಾಲಯ ಮುಗಿಸಿರುತ್ತೇನೆ.

ಇಲ್ಲಿಯವರೆಗೆ ಹೊಗಳಿಕೆ. ಈಗ ಬೇಜಾರಿನ ಮಾತು.

ಮೊದಲನೆಯದು, ಮೂವತ್ತು ಟರ್ನ್ ಕಂತು ಕಟ್ಟಲು ಒಪ್ಪಿಕೊಂಡು ಯುದ್ಧ ಹಚ್ಚುತ್ತೇವೆ. ಅರ್ಧ ದಾರಿಯಲ್ಲೇ ಅವರಿಬ್ಬರೂ ರಾಜಿಯಾಗಿ ಬಿಡುತ್ತಾರೆ. ಒಪ್ಪಂದ ಆದ ಮೇಲೆ 10 ಟರ್ನ್ ಮತ್ತೆ ಕೆರಳಿಸಲೂ ಬರುವುದಿಲ್ಲ. ನನ್ನ ಕಂತು ಮಾತ್ರ ತಪ್ಪದೆ ಹೋಗುತ್ತಿರುತ್ತದೆ. ಕೆಲಸ ಬಿಟ್ಟವನಿಗೂ ಸಂಬಳ!

ಆದರೆ ನನಗೆ ನಿಜವಾಗಿ ಸಿಟ್ಟು ತರಿಸುವುದು ಬೇರೆ. ಈ ರಾಜರಿಗೆ ಬುದ್ಧಿ ಬರುವುದೇ ಇಲ್ಲ. ಸಿಯಾಮಿನವನ ಅರ್ಧ ರಾಜ್ಯ ಹೋಗಿದೆ. ಯಾರು ದುಡ್ಡು ಕೊಟ್ಟರು ಅಂತ ಅವನು ಕೇಳುವುದೂ ಇಲ್ಲ, ಅನುಮಾನ ಪಡುವುದೂ ಇಲ್ಲ. ನಗುನಗುತ್ತಾ ಬಂದು ನನ್ನ ಹತ್ತಿರವೇ ಸಕ್ಕರೆ ಕೇಳುತ್ತಾನೆ. ಎಲ್ಲರಿಗೂ ನಾನೇ ಬತ್ತಿ ಇಟ್ಟಿದ್ದರೂ ಎಲ್ಲರಿಗೂ ನಾನೇ ಆಪ್ತ. ಮೊದಮೊದಲು ಇದೇ ಮಜಾ ಅನಿಸುತ್ತಿತ್ತು. ಈಗ ಸಪ್ಪೆ ಅನಿಸುತ್ತದೆ. ಸಿಕ್ಕಿಬೀಳುವ ಭಯ ಇಲ್ಲದ ಚಾಡಿಯಲ್ಲಿ ಏನು ರುಚಿ?

ಗೂಢಚಾರರ ವಿಷಯದಲ್ಲೂ ಇದೇ ಕಥೆ. 2012ರ ‘ಗಾಡ್ಸ್ ಅಂಡ್ ಕಿಂಗ್ಸ್’ ಅನ್ನುವ ಹೆಚ್ಚುವರಿ ಭಾಗದಲ್ಲಿ ಗೂಢಚಾರರು ಬಂದರು. ಬೇರೆ ರಾಜನ ಊರಿನಲ್ಲಿ ಕೂರಿಸಿದರೆ, ಇವನು ಅವನ ಮೇಲೆ ಸಂಚು ಮಾಡುತ್ತಿದ್ದಾನೆ ಅಂತ ಸುದ್ದಿ ತರುತ್ತಾರೆ. ಆ ಸುದ್ದಿಯನ್ನು ಸಂಬಂಧಪಟ್ಟವನಿಗೆ ಮುಟ್ಟಿಸಿದರೆ ಅವನಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚುತ್ತದೆ. ಒಳ್ಳೆಯದೇ. ಆದರೆ ಇದ್ದದ್ದನ್ನಷ್ಟೇ ಹೇಳಬಹುದು, ಇಲ್ಲದ್ದನ್ನು ಹುಟ್ಟಿಸಿ ಹೇಳಲು ದಾರಿಯೇ ಇಲ್ಲ. ಅಷ್ಟು ಪ್ರಾಮಾಣಿಕರಾಗಿ ಇರಬೇಕಾದರೆ ಗೂಢಚಾರರು ಯಾಕೆ ಬೇಕು, ಪೋಸ್ಟ್‌ಮ್ಯಾನ್ ಸಾಕಿತ್ತು.

ಇನ್ನೊಂದು ಅಪಾಯವೂ ಇದೆ. ಇಬ್ಬರಲ್ಲಿ ಒಬ್ಬ ತೀರಾ ಮೆತ್ತಗಿದ್ದರೆ ಜಗಳ ಜಗಳವಾಗಿ ಉಳಿಯುವುದಿಲ್ಲ, ಒಬ್ಬ ಇನ್ನೊಬ್ಬನನ್ನು ನುಂಗಿ ಬಿಡುತ್ತಾನೆ. ಎಲ್ಲ ಮೂಲ ರಾಜಧಾನಿಗಳೂ ಒಬ್ಬನ ಕೈಗೆ ಹೋದರೆ ಆಟವೇ ಅವನದ್ದು. ಹಾಗಾಗಿ ನಾನು ಸಮಬಲದ ಜೋಡಿಯನ್ನೇ ಹುಡುಕುತ್ತೇನೆ. ಶಾಕಾನಿಗೆ ಅಟಿಲ, ಅಸ್ಕಿಯಾಗೆ ಮಾಂಟೆಜುಮ. ಗಾಂಧಿಯವರನ್ನು ಈ ವ್ಯವಹಾರಕ್ಕೆ ಎಳೆಯಲು ಮನಸ್ಸು ಬರುವುದಿಲ್ಲ. ಪರದೆಯ ಮೇಲೆ ಅವರು ಹಿಂದಿಯಲ್ಲಿ ಮಾತಾಡಿಸುತ್ತಾರೆ, ನನಗೆ ಮುಜುಗರ. ಅಣುಬಾಂಬ್ ಕೈಗೆ ಬಂದ ಮೇಲೆ ಅವರಿಗೆ ಅಂಥ ಮುಜುಗರ ಏನೂ ಇಲ್ಲ, ಅದು ಬೇರೆ ಮಾತು.

ಇಷ್ಟು ಬೈದರೂ ಶನಿವಾರ ರಾತ್ರಿ ಮತ್ತೆ ಇದನ್ನೇ ತೆರೆಯುತ್ತೇನೆ. ರಾಜರು ದಡ್ಡರಿರಬಹುದು. ಆದರೆ ಯಾರಿಗೆ ಯಾರ ಮೇಲೆ ಉರಿ, ಆ ಉರಿಗೆ ಎಷ್ಟು ಎಣ್ಣೆ ಬೇಕು ಅಂತ ಪಟ್ಟಿ ನೋಡಿ ಅಂದಾಜು ಮಾಡುವ ಆ ಹತ್ತು ನಿಮಿಷ ಇದೆಯಲ್ಲ, ಅದನ್ನು ಹೊಸ ಗೇಮುಗಳು ನನಗೆ ಕೊಟ್ಟಿಲ್ಲ. ರಾಜರು ಇನ್ನೂ ಚೆನ್ನಾಗಿ ಕಾದಾಡಬೇಕು ಅನ್ನುವವರು ಅಭಿಮಾನಿಗಳೇ ಕಟ್ಟಿರುವ ‘ವೋಕ್ಸ್ ಪಾಪ್ಯುಲಿ’ ಮಾಡ್ ಹಾಕಿ ನೋಡಿ, ಅದು ಉಚಿತ. ಆದರೆ ಅದು ಗೇಮಿನ ಅರ್ಧ ನಿಯಮಗಳನ್ನೇ ಬದಲಿಸುತ್ತದೆ. ಮತ್ತೆ ಮೊದಲಿನಿಂದ ಕಲಿಯುವಷ್ಟು ತಾಳ್ಮೆ ಬೇಕು.

ಕೊಳ್ಳುವವರಿಗೆ ಹೇಳುವುದಾದರೆ, ಪೂರ್ತಿ ಬೆಲೆ ಕೊಡಬೇಡಿ. ಸ್ಟೀಮ್‌ನಲ್ಲಿ ಸೇಲ್ ಬರುವವರೆಗೆ ಕಾಯಿರಿ, ನಾನೂ ಹಾಗೆಯೇ ತೆಗೆದುಕೊಂಡಿದ್ದು. ಬರೀ ಮೂಲ ಗೇಮ್ ಬೇಡ, 2013ರ ‘ಬ್ರೇವ್ ನ್ಯೂ ವರ್ಲ್ಡ್’ ಸೇರಿರುವ ಪೂರ್ತಿ ಪ್ಯಾಕ್ ತೆಗೆದುಕೊಳ್ಳಿ. ಮ್ಯಾಪ್ ಆರಿಸುವಾಗ ದ್ವೀಪಗಳ ಕಡೆ ಹೋಗಲೇಬೇಡಿ. ಈ ರಾಜರಿಗೆ ಸೈನ್ಯವನ್ನು ಸಮುದ್ರ ದಾಟಿಸಲು ಸರಿಯಾಗಿ ಬರುವುದಿಲ್ಲ. ದುಡ್ಡು ಇಸಕೊಂಡು ಯುದ್ಧ ಸಾರಿ, ಮನೆಯಲ್ಲೇ ಕೂತಿರುತ್ತಾರೆ. ಪ್ಯಾಂಜಿಯಾ ಇಡಿ, ಎಲ್ಲರೂ ಒಂದೇ ನೆಲದ ಮೇಲಿರಲಿ. ಹಳೇ ಲ್ಯಾಪ್‌ಟಾಪ್ ಆದರೆ ಮ್ಯಾಪ್ ಚಿಕ್ಕದೇ ಇರಲಿ. ದೊಡ್ಡದಾದರೆ ಆಟದ ಕೊನೆಕೊನೆಗೆ ಒಂದು ಟರ್ನ್ ತಿರುಗುವಷ್ಟರಲ್ಲಿ ನೀವು ಎದ್ದು ಹೋಗಿ ಹಾಲು ಬಿಸಿ ಮಾಡಿಕೊಂಡು ಬರಬಹುದು.